ತೆರೆದ ಕಡತಗಳ ನಡುವೆ ಓಡಾಡಲು ಬಫ್‌ಎಕ್ಸ್‌ಪ್ಲೋರರ್

ಶಿರಸಿಯ ಮನೆಯಲ್ಲಿ ಕುಳಿತು ಅಡಿಕೆ ವಹಿವಾಟಿನ ಲೆಕ್ಕದ ತಂತ್ರಾಂಶವನ್ನು ವಿಮ್ ಎಂಬ ಪಠ್ಯ ಸಂಪಾದಕದಲ್ಲಿ ಬರೆಯುವಾಗ, ಚಾಲಿ, ರಾಶಿ, ಬೆಟ್ಟೆ ಎಂದು ಒಂದೊಂದು ಬಗೆಗೂ ಒಂದೊಂದು ಕಡತ ತೆರೆದುಕೊಂಡು, ಬೇಕಾದದ್ದನ್ನು ಹುಡುಕುವುದರಲ್ಲೇ ನನ್ನ ಹೊತ್ತು ಕಳೆಯುತ್ತಿತ್ತು. ಬಫ್‌ಎಕ್ಸ್‌ಪ್ಲೋರರ್ ಎಂಬ ಪ್ಲಗಿನ್ (ವಿಮ್‌ಗೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡ ಮೇಲೆ ಆ ತೊಡಕು ಬಹುಮಟ್ಟಿಗೆ ನೀಗಿದೆ. ಒತ್ತಿದ ಕೀಲಿಗಳು ಅಕ್ಷರಗಳಾಗದೆ ಆಜ್ಞೆಗಳಾಗುವ ನಾರ್ಮಲ್ ಮೋಡ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಒತ್ತಿ, ಬೆನ್ನಿಗೇ ಬಿ ಮತ್ತು ಇ ಒತ್ತಿದರೆ (ಇಂಥ ಆಜ್ಞೆಗಳಿಗೆ ಮೊದಲು ಒತ್ತುವ ಲೀಡರ್ ಕೀಲಿಯನ್ನು ಬದಲಿಸಿಕೊಂಡವರು ಬ್ಯಾಕ್‌ಸ್ಲ್ಯಾಶ್ ಬದಲು ಅದನ್ನೇ ಒತ್ತಬೇಕು) ತೆರೆದ ಕಡತಗಳೆಲ್ಲ ಪಟ್ಟಿಯಾಗಿ ಬರುತ್ತವೆ; ತೀರ ಈಚೆಗೆ ಬಳಸಿದವು ಮೇಲಿರುವುದರಿಂದ ಬೇಕಾದದ್ದು ಸಾಮಾನ್ಯವಾಗಿ ಮೊದಲ ಎರಡು-ಮೂರು ಸಾಲುಗಳಲ್ಲೇ ಸಿಗುತ್ತದೆ. ಅದರ ಮೇಲೆ ಎಂಟರ್ ಒತ್ತಿದರೆ ಕಡತ ಎದುರಿಗೆ ಬರುತ್ತದೆ. ಡಿ ಒತ್ತಿದರೆ ಪಟ್ಟಿಯಿಂದ ಹೋಗುತ್ತದೆಯೇ ಹೊರತು ಡಿಸ್ಕ್‌ನಿಂದ ಅಳಿಯುವುದಿಲ್ಲ. ಎರಡೇ ಕಡತಗಳ ನಡುವಿನ ಓಡಾಟಕ್ಕಾದರೆ ಪ್ಲಗಿನ್ನೇ ಬೇಡ, ವಿಮ್‌ನಲ್ಲೇ ಇರುವ ಕಂಟ್ರೋಲ್ ಮತ್ತು 6 ಒಟ್ಟಿಗೆ ಒತ್ತಿದರೆ ಸಾಕು.