ಕಿಕುಚಿ ಗಂಟಿನಲ್ಲಿ ವೈರಸ್ ಹುಡುಕಿದ ಕಥೆ

22 ವರ್ಷದ ಹುಡುಗಿ. ಕುತ್ತಿಗೆಯ ಎಡಗಡೆ ಹುಣಸೆ ಬೀಜದಷ್ಟು ದಪ್ಪದ ಎರಡು ಗಂಟು, ಮೂರು ವಾರದಿಂದ ಜ್ವರ. ಅವಳ ತಾಯಿ ನಮ್ಮ ಲ್ಯಾಬ್ ಬಾಗಿಲಿಗೇ ಬಂದು ಕೇಳಿದರು, "ಡಾಕ್ಟ್ರೇ, ಎಲ್ಲರೂ ಟಿಬಿ ಅಂತಿದ್ದಾರೆ. ಮಾತ್ರೆ ಶುರು ಮಾಡೋದಾ?" ಎರಡು ದಿನ ಕಾಯಿರಿ ಅಂದೆ. ಸ್ಲೈಡ್ ನೋಡಿದರೆ ಟಿಬಿ ಅಲ್ಲ, ಲಿಂಫ್ ನೋಡ್‌ಗಳು (ರೋಗದ ವಿರುದ್ಧ ಹೋರಾಡುವ ಕೋಶಗಳು ತುಂಬಿದ ಸಣ್ಣ ಗ್ರಂಥಿಗಳು) ಊದಿಕೊಳ್ಳುವ ಕಿಕುಚಿ ಕಾಯಿಲೆ.

1972ರಲ್ಲಿ ಜಪಾನಿನಲ್ಲಿ ಕಿಕುಚಿ ಮತ್ತು ಫುಜಿಮೊಟೊ ಬೇರೆ ಬೇರೆಯಾಗಿ ಇದನ್ನು ವರದಿ ಮಾಡಿದರು. ಏಷ್ಯಾದವರಲ್ಲಿ, ಅದರಲ್ಲೂ ಹರೆಯದ ಹೆಣ್ಣುಮಕ್ಕಳಲ್ಲಿ ಜಾಸ್ತಿ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಟಿಬಿ ಅಂದುಕೊಂಡರೆ ಮಾತ್ರ ಆ ಹುಡುಗಿ ಆರು ತಿಂಗಳು ಸುಮ್ನೆ ಮಾತ್ರೆ ನುಂಗಬೇಕು.

ಸೂಕ್ಷ್ಮದರ್ಶಕದಲ್ಲಿ ಇದು ವಿಚಿತ್ರವಾಗಿ ಕಾಣುತ್ತದೆ. ಕೋಶಗಳು ಸತ್ತು ಪುಡಿಯಾಗಿ ಬಿದ್ದಿರುತ್ತವೆ. ಸುತ್ತಲೂ ಅರ್ಧಚಂದ್ರದ ಹಾಗೆ ನ್ಯೂಕ್ಲಿಯಸ್ ಬಾಗಿದ ಹಿಸ್ಟಿಯೊಸೈಟ್‌ಗಳು, ಅಂದರೆ ಕಸ ನುಂಗುವ ಕೋಶಗಳು, ಆ ಪುಡಿಯನ್ನು ನುಂಗುತ್ತಿರುತ್ತವೆ. ಇಷ್ಟು ಸಾವು ಇರುವ ಕಡೆ ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣಗಳು ಮುತ್ತಬೇಕಿತ್ತು, ಅವು ಇರುವುದೇ ಇಲ್ಲ. ಇರುವುದು ಸಿಡಿ8 ಟಿ ಕೋಶಗಳು, ಅಂದರೆ ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವಂಥವು. ಜೊತೆಗೆ ಜ್ವರ, ಬಿಳಿ ರಕ್ತಕಣ ಇಳಿಯುವುದು. ವೈರಸ್ ಇರಲೇಬೇಕು ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ವೈರಸ್ ಹುಡುಕಲು ಧೈರ್ಯ ಕೊಟ್ಟದ್ದು ಕ್ಯಾಸಲ್‌ಮನ್ ಕಾಯಿಲೆ. ಅದೂ ಲಿಂಫ್ ನೋಡ್‌ಗಳದ್ದೇ. 1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ತಂಡ ಕಪೋಸಿ ಸಾರ್ಕೋಮಾ ಅನ್ನುವ ಕ್ಯಾನ್ಸರ್‌ನಲ್ಲಿ ಹೊಸ ಹರ್ಪಿಸ್ ವೈರಸ್ ಕಂಡುಹಿಡಿಯಿತು. ಮರುವರ್ಷವೇ ಅದು ಕ್ಯಾಸಲ್‌ಮನ್‌ನ ಒಂದು ಬಗೆಯಲ್ಲೂ ಸಿಕ್ಕಿತು. ಆ ವೈರಸ್ ಮನುಷ್ಯನ ಐಎಲ್‌-6 (ಉರಿಯೂತ ಎಬ್ಬಿಸುವ ಸಂದೇಶದ ಪ್ರೋಟೀನ್) ಅನ್ನು ಹೋಲುವ ಪ್ರೋಟೀನನ್ನು ತಾನೇ ತಯಾರಿಸುತ್ತದೆ. ಕಾರಣ ಮತ್ತು ಕಾಯಿಲೆ ಹಾಗೆ ಕೂಡಿಕೊಂಡರೆ ಸಂದೇಹಕ್ಕೆ ಜಾಗವೇ ಇರುವುದಿಲ್ಲ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಬೀರುವಿನಲ್ಲಿದ್ದ ಹಳೆಯ ಕಿಕುಚಿ ಬ್ಲಾಕ್‌ಗಳನ್ನು, ಅಂದರೆ ಮೇಣದಲ್ಲಿ ಕೂರಿಸಿಟ್ಟ ಗಂಟಿನ ತುಂಡುಗಳನ್ನು, ತೆಗೆದೆವು. ಮೊದಲ ಗುರಿ ಎಪ್‌ಸ್ಟೀನ್-ಬಾರ್ ವೈರಸ್. ಮೇಣದಲ್ಲಿ ಕೂತ ಅಂಗಾಂಶದಿಂದ ಡಿಎನ್‌ಎ ತೆಗೆಯುವುದು ಸುಲಭವಲ್ಲ. ಅಂಗಾಂಶ ಕೆಡದಂತೆ ಹಾಕುವ ಫಾರ್ಮಲಿನ್ ಅದನ್ನು ಚೂರು ಚೂರು ಮಾಡಿರುತ್ತದೆ. ಅದಕ್ಕೇ ಪಿಸಿಆರ್‌ನಲ್ಲಿ (ಡಿಎನ್‌ಎ ತುಂಡನ್ನು ಮತ್ತೆ ಮತ್ತೆ ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಚಿಕ್ಕ ತುಂಡನ್ನೇ ಹುಡುಕಬೇಕು. ಪ್ರತಿ ಬ್ಲಾಕ್‌ನಲ್ಲೂ ಮೊದಲು ಮನುಷ್ಯರದೇ ಬೀಟಾ-ಗ್ಲೋಬಿನ್ ಜೀನ್ ಸಿಗುತ್ತಾ ಅಂತ ನೋಡಬೇಕು. ಅದೇ ಸಿಗದಿದ್ದರೆ ವೈರಸ್ ಇಲ್ಲ ಅನ್ನುವ ಮಾತಿಗೆ ಬೆಲೆಯಿಲ್ಲ.

ಮೊದಲ ಸಲ ಜೆಲ್‌ನಲ್ಲಿ ಸಾಲಾಗಿ ಬ್ಯಾಂಡ್‌ಗಳು, ಅಂದರೆ ವೈರಸ್ಸಿನ ಡಿಎನ್‌ಎ ಸಿಕ್ಕಿದರೆ ಕಾಣುವ ಗೆರೆಗಳು, ಹೊಳೆದವು. ನನ್ನ ಎದೆ ಡವಡವ ಅಂತಿತ್ತು. ಜೊತೆಗಿದ್ದ ಪಿಜಿ ಹುಡುಗಿ ಕೊನೆಯ ಲೇನ್ ತೋರಿಸಿದಳು. "ಸಾರ್, ಇದು ಬರೀ ನೀರಿನ ಟ್ಯೂಬ್." ಅಲ್ಲೂ ಬ್ಯಾಂಡ್. ತಪ್ಪು ನನ್ನದೇ. ಪಿಸಿಆರ್ ಮುಗಿದ ಟ್ಯೂಬ್‌ಗಳನ್ನು ನಾನು ತೆರೆದದ್ದು ಮಿಶ್ರಣ ತಯಾರಿಸುವ ಮೇಜಿನ ಮೇಲೆಯೇ. ಅಲ್ಲಿಂದ ಹಾರಿದ ಕಣ್ಣಿಗೆ ಕಾಣದ ಹನಿಗಳೇ ಎಲ್ಲ ಟ್ಯೂಬ್‌ನಲ್ಲೂ ವೈರಸ್ ತೋರಿಸಿದ್ದವು. ಎಲ್ಲವನ್ನೂ ಎಸೆದು ಹೊಸದಾಗಿ ಶುರು ಮಾಡಿದೆವು. ಮಿಶ್ರಣಕ್ಕೊಂದು ಕೋಣೆ, ಜೆಲ್‌ಗೊಂದು ಕೋಣೆ, ಎರಡಕ್ಕೂ ಬೇರೆ ಪಿಪೆಟ್, ಬೇರೆ ಕೋಟು. ತೆಳುವಾಗಿ ಕತ್ತರಿಸುವ ಮೈಕ್ರೊಟೋಮ್ ಯಂತ್ರದಲ್ಲಿ ಬ್ಲಾಕ್ ಬದಲಾದಾಗೆಲ್ಲ ಹೊಸ ಬ್ಲೇಡ್. ನಡುನಡುವೆ ಅಂಗಾಂಶವೇ ಇಲ್ಲದ ಖಾಲಿ ಮೇಣದ ಬ್ಲಾಕ್ ಕೂಡ ಕತ್ತರಿಸಿ, ಅದನ್ನೂ ಉಳಿದವುಗಳ ಜೊತೆಗೇ ಪರೀಕ್ಷೆಗೆ ಹಾಕುತ್ತಿದ್ದೆವು.

ಎರಡನೆಯ ಸುತ್ತಿನಲ್ಲೂ ಕೆಲವು ಬ್ಲಾಕ್‌ಗಳಲ್ಲಿ ವೈರಸ್ ಸಿಕ್ಕಿತು. ಈ ಸಲ ನೀರು, ಮೇಣ ಎರಡೂ ಖಾಲಿ. ಹಾಗಂತ ಕುಣಿಯುವ ಹಾಗಿರಲಿಲ್ಲ. ದೊಡ್ಡವರಲ್ಲಿ 90ಕ್ಕೂ ಹೆಚ್ಚು ಶೇಕಡ ಜನರ ಮೈಯಲ್ಲಿ ಈ ವೈರಸ್ ಬಿ ಕೋಶಗಳೊಳಗೆ ಜೀವನಪೂರ್ತಿ ಮಲಗಿರುತ್ತದೆ. ಲಿಂಫ್ ನೋಡ್ ಅಂದರೆ ಆ ಕೋಶಗಳ ಮನೆಯೇ. ಬೇರೆ ಕಾರಣಕ್ಕೆ ಊದಿಕೊಂಡ, ಅದೇ ವಯಸ್ಸಿನವರ ಗಂಟುಗಳನ್ನೂ ನೋಡಿದೆವು. ಅವುಗಳಲ್ಲೂ ಕೆಲವದರಲ್ಲಿ ಬ್ಯಾಂಡ್ ಬಂತು.

ಹಾಗಾಗಿ ವೈರಸ್ ಎಲ್ಲಿ ಕೂತಿದೆ ಅಂತ ಕಣ್ಣಾರೆ ನೋಡಲು ಈಬರ್ ಪರೀಕ್ಷೆ ಮಾಡಿದೆವು. ವೈರಸ್ ಮಲಗಿರುವ ಕೋಶದಲ್ಲಿ ರಾಶಿ ರಾಶಿಯಾಗಿ ಇರುವ ಒಂದು ಆರ್‌ಎನ್‌ಎಗೆ ಬಣ್ಣ ಹಿಡಿಸುವ ವಿಧಾನ ಅದು. ಹೋಲಿಕೆಗೆ ಇಟ್ಟ ಹಾಡ್‌ಕಿನ್ ಲಿಂಫೋಮಾ ಸ್ಲೈಡ್‌ನಲ್ಲಿ ದೊಡ್ಡ ಕೋಶಗಳ ನ್ಯೂಕ್ಲಿಯಸ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಕಿಕುಚಿಯಲ್ಲಿ ಸತ್ತ ಜಾಗವೆಲ್ಲ ಬಣ್ಣವೇ ಇಲ್ಲದೆ ಖಾಲಿ. ಅಂಚಿನಲ್ಲಿ, ದೂರ ದೂರ, ಒಂದೆರಡು ಚಿಕ್ಕ ಕೋಶಗಳು ಕಂದು ಬಣ್ಣಕ್ಕೆ ತಿರುಗಿದ್ದವು ಅಷ್ಟೆ. ಕೊಲೆ ನಡೆದ ಕೋಣೆಯಲ್ಲಿ ಆ ವೈರಸ್ ಇರಲೇ ಇಲ್ಲ. ಬೇರೆ ದೇಶಗಳಲ್ಲಿ ಇದೇ ಹಾದಿ ಹಿಡಿದ ಹಲವರಿಗೆ ಸಿಕ್ಕ ಉತ್ತರವೂ ಹೀಗೇ ಇದೆ.

ಬೇಜಾರಾಯಿತು, ನಿಜ. ಆದರೆ ನಾವು ಹುಡುಕಿದ್ದು ಹೆಸರು ಗೊತ್ತಿರುವ ವೈರಸ್ ಮಾತ್ರ. ಬಯಾಪ್ಸಿಗೆ (ಪರೀಕ್ಷೆಗೆಂದು ಗಂಟು ತೆಗೆಯುವ) ಹೊತ್ತಿಗೆ ಬಂದು ಹೋಗಿರುವ ವೈರಸ್ಸೂ ನಮಗೆ ಸಿಗುವುದಿಲ್ಲ. ಹಳೆಯ ಬ್ಲಾಕ್‌ಗಳಲ್ಲಿ ಆರ್‌ಎನ್‌ಎ ಹಾಳಾಗಿರುವುದರಿಂದ ಆರ್‌ಎನ್‌ಎ ವೈರಸ್‌ಗಳ ವಿಷಯ ಇನ್ನೂ ಕಷ್ಟ.

ಆ ಹುಡುಗಿಯ ಗಂಟು ಎರಡು ತಿಂಗಳಲ್ಲಿ ಕರಗಿತು. ಕಿಕುಚಿ ಬಂದ ಕೆಲವರಲ್ಲಿ ಮುಂದೆ ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಕಾಣಿಸಿಕೊಳ್ಳುವುದರಿಂದ ಆಗಾಗ ಬಂದು ತೋರಿಸಲು ಹೇಳಿದ್ದೇವೆ, ಬರುತ್ತಾಳೆ. ಸರ್ಜನ್‌ಗಳಿಗೂ ಈಗ ಹೇಳಿಟ್ಟಿದ್ದೇನೆ, ಗಂಟು ತೆಗೆದರೆ ಪೂರ್ತಿ ಫಾರ್ಮಲಿನ್‌ಗೆ ಹಾಕಬೇಡಿ ಅಂತ. ಒಂದು ತುಂಡು ಸಲೈನ್‌ನಲ್ಲಿ ಟಿಬಿ ಕಲ್ಚರ್‌ಗೆ. ಇನ್ನೊಂದು ತುಂಡು, ರೋಗಿ ಒಪ್ಪಿದರೆ, ತಕ್ಷಣ ನಮ್ಮ ಮೈನಸ್ 80 ಡಿಗ್ರಿ ಫ್ರೀಜರ್‌ಗೆ. ಹೋದ ತಿಂಗಳು ಹಾಗೆ ಇಟ್ಟ ಮೊದಲ ಕಿಕುಚಿ ತುಂಡು ಬಂತು. ಬಟಾಣಿಗಿಂತ ಚಿಕ್ಕದು.