ಹಿಮದ ಊರು ಬಿಟ್ಟು ಹೊರಡುವ ಮುಂಚೆ: ಅಮೆರಿಕದೊಳಗೇ ಬೆಚ್ಚಗಿನ ರಾಜ್ಯ ಹುಡುಕುವ ಕನ್ನಡಿಗರಿಗೆ

ಮಿನಿಯಾಪೊಲಿಸ್, ಡೆಟ್ರಾಯಿಟ್, ಶಿಕಾಗೋ, ಬಫಲೋ ಕಡೆ ಇರುವ ನಮ್ಮವರ ಮನೆಗಳಲ್ಲಿ ಫೆಬ್ರವರಿ ಬಂತು ಅಂದರೆ ಒಂದೇ ಮಾತು: "ಸಾಕಪ್ಪಾ, ಬಿಸಿಲಿರೋ ಕಡೆ ಎಲ್ಲಾದ್ರೂ ಹೋಗೋಣ." ಬಫಲೋದಲ್ಲಿ ಒಂದು ಚಳಿಗಾಲಕ್ಕೆ ಸರಾಸರಿ 90 ಇಂಚಿಗೂ ಜಾಸ್ತಿ ಸ್ನೋ ಬೀಳುತ್ತದೆ. ಬೆಳಿಗ್ಗೆ ಎದ್ದು ಡ್ರೈವ್‌ವೇ ತೆಗೆದು, ಕಾರಿನ ಗಾಜು ಕೆರೆದು, ಮಕ್ಕಳಿಗೆ ಜಾಕೆಟ್ಟು, ಟೋಪಿ, ಗ್ಲೌಸು ಹಾಕಿ ಕಳಿಸುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಊರಿಂದ ಬಂದ ಅಪ್ಪ ಅಮ್ಮ ಇದ್ದರಂತೂ ಅವರು ಕಿಟಕಿ ಪಕ್ಕ ಸ್ವೆಟರ್ ಹಾಕಿಕೊಂಡು ಕೂತಿರುವುದನ್ನು ನೋಡೋಕೇ ಬೇಜಾರು.

ಆಸೆ ಸರಿಯಾದದ್ದೇ. ಆದರೆ ಇಲ್ಲಿ ರಾಜ್ಯ ಬದಲಾದರೆ ತೆರಿಗೆ, ವಿಮೆ, ಕರೆಂಟು, ಕಾಲೇಜು ಫೀಸು ಎಲ್ಲದರ ಕಾನೂನೂ ಬದಲಾಗುತ್ತದೆ. ವೀಸಾದಲ್ಲಿ ಇರುವವರಿಗೆ ಕೆಲವೊಮ್ಮೆ ಬರೀ ಊರು ಬದಲಾದರೂ ಸಾಕು, ಕಾಗದಪತ್ರ ಮತ್ತೆ ಮಾಡಿಸಬೇಕು. ಅದಕ್ಕೇ ನಾನು ಎಲ್ಲರಿಗೂ ಹೇಳುವ ಕ್ರಮ ಇದು: ಮೊದಲು ಕಾಗದ ನೋಡಿ, ಆಮೇಲೆ ಆ ಊರಿನ ಕೆಟ್ಟ ಕಾಲ ಹೇಗಿರುತ್ತೆ ನೋಡಿ, ಮನೆ ನೋಡುವುದು ಕೊನೆಗೆ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ.

ವೀಸಾ ಮೊದಲು

ಎಚ್-1ಬಿ (ಕಂಪನಿ ಮೂಲಕ ಸಿಗುವ ಕೆಲಸದ ವೀಸಾ) ಕೆಲಸದ ಜಾಗಕ್ಕೆ ಕಟ್ಟಿಬಿದ್ದಿರುತ್ತದೆ. ನಿಮ್ಮ ಕಂಪನಿ ಲೇಬರ್ ಇಲಾಖೆಗೆ ಕೊಟ್ಟಿರುವ ಎಲ್‌ಸಿಎಯಲ್ಲಿ (ಕೆಲಸದ ಜಾಗ, ಸಂಬಳ ತಿಳಿಸುವ ಅರ್ಜಿ) ನೀವು ಕೂತು ಕೆಲಸ ಮಾಡುವ ವಿಳಾಸ ಇರುತ್ತದೆ. "ನಂದು ಫುಲ್ ರಿಮೋಟ್, ಎಲ್ಲಿ ಕೂತರೇನು?" ಅಂತ ಅನೇಕರು ಕೇಳುತ್ತಾರೆ. ಹಾಗಿಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ಮನೆಯೇ ಕೆಲಸದ ಜಾಗ. ಹೊಸ ಮನೆ ಈಗಿನ ಮೆಟ್ರೋ ಪ್ರದೇಶದಿಂದ (ನಗರ ಮತ್ತು ಅದರ ಸುತ್ತಲಿನ ಊರುಗಳು) ಆಚೆ ಇದ್ದರೆ ಕಂಪನಿ ಹೊಸ ಎಲ್‌ಸಿಎ ಪಡೆದು, ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ಗೆ ತಿದ್ದುಪಡಿ ಅರ್ಜಿ ಹಾಕಲೇಬೇಕು. ಸಿಮಿಯೊ ಸೊಲ್ಯೂಷನ್ಸ್ ಅನ್ನುವ ಕಂಪನಿಯ ಪ್ರಕರಣದಲ್ಲಿ 2015ರಲ್ಲಿ ಬಂದ ತೀರ್ಪಿನ ನಂತರ ಇದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಅರ್ಜಿ ಮಂಜೂರಾಗುವ ತನಕ ಕಾಯಬೇಕಾಗಿಲ್ಲ. ಆದರೆ ಅದು ಸಲ್ಲಿಕೆ ಆಗುವ ತನಕ ಹೊಸ ಊರಿನಲ್ಲಿ ಕೆಲಸ ಶುರು ಮಾಡುವ ಹಾಗಿಲ್ಲ. ಟ್ರಕ್ ಬುಕ್ ಮಾಡುವ ಮುಂಚೆ ಎಚ್‌ಆರ್ ಮತ್ತು ಕಂಪನಿ ವಕೀಲರಿಂದ ಇಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ಬಾಯಿಮಾತಿನ "ನೋ ಪ್ರಾಬ್ಲಂ" ಸಾಲದು.

ಕಂಪನಿ ಒಪ್ಪದೇ ಇರುವುದಕ್ಕೂ ಕಾರಣ ಇರುತ್ತದೆ. ನಿಮಗೆ ಕೊಡಲೇಬೇಕಾದ ಕನಿಷ್ಠ ಸಂಬಳ ಊರಿಂದ ಊರಿಗೆ ಬೇರೆ. ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೋಗುತ್ತೇನೆ ಅಂದರೆ ಅದು ಒಮ್ಮೆಗೇ ಮೇಲೇರಬಹುದು. ಜೊತೆಗೆ ನೀವು ಹೋಗುವ ರಾಜ್ಯದಲ್ಲಿ ಕಂಪನಿ ಪೇರೋಲ್‌ಗೆ ನೋಂದಾಯಿಸಿಕೊಳ್ಳಬೇಕು. ಒಬ್ಬ ನೌಕರನಿಗಾಗಿ ಅಷ್ಟು ತಲೆನೋವು ಬೇಡ ಅನ್ನುವ ಸಣ್ಣ ಕಂಪನಿಗಳು ಬೇಕಾದಷ್ಟಿವೆ.

ಗ್ರೀನ್ ಕಾರ್ಡ್ ಸಾಲಿನಲ್ಲಿ ಇರುವವರು ಇನ್ನೂ ಹುಷಾರಾಗಿರಬೇಕು. ಗ್ರೀನ್ ಕಾರ್ಡಿನ ಮೊದಲ ಹೆಜ್ಜೆಯಾದ ಪರ್ಮ್ (ಲೇಬರ್ ಇಲಾಖೆಯ ಮಂಜೂರಾತಿ) ಕೂಡ ಜಾಗಕ್ಕೆ ಸೇರಿದ್ದು. ಅದು ನಡೆಯುತ್ತಿರುವಾಗ ಕೆಲಸದ ಜಾಗ ದೂರದ ಊರಿಗೆ ಬದಲಾದರೆ ಮೊದಲಿಂದ ಶುರು ಮಾಡಬೇಕಾಗಬಹುದು. ಐ-140 (ಕಂಪನಿ ನಿಮಗಾಗಿ ಹಾಕುವ ಗ್ರೀನ್ ಕಾರ್ಡ್ ಅರ್ಜಿ) ಮಂಜೂರಾಗಿದ್ದರೆ ಸಾಮಾನ್ಯವಾಗಿ ನಿಮ್ಮ ಪ್ರಯಾರಿಟಿ ಡೇಟ್ (ಸಾಲಿನಲ್ಲಿ ನಿಮ್ಮ ಜಾಗ ಗೊತ್ತುಮಾಡುವ ದಿನಾಂಕ) ಉಳಿಯುತ್ತದೆ, ಹಾಗಾಗಿ ಸಾಲಿನಲ್ಲಿ ಕಾದ ವರ್ಷಗಳು ನಷ್ಟವಾಗುವುದಿಲ್ಲ. ಐ-485 (ಗ್ರೀನ್ ಕಾರ್ಡಿಗೆ ನೀವೇ ಹಾಕುವ ಕೊನೆಯ ಅರ್ಜಿ) ಹಾಕಿ 180 ದಿನ ದಾಟಿ, ಐ-140ಯೂ ಮಂಜೂರಾಗಿದ್ದರೆ ಅದೇ ಬಗೆಯ ಕೆಲಸ ಇರುವ ತನಕ ಊರು ಬದಲಿಸಬಹುದು. ಒಂದು ವರ್ಷ ಕಾದರೆ ಕಾಗದ ಗಟ್ಟಿಯಾಗುತ್ತದೆ ಅನ್ನುವ ಹಾಗಿದ್ದರೆ ಇನ್ನೊಂದು ಚಳಿಗಾಲ ತಡೆದುಕೊಳ್ಳಿ. ಇದು ನನ್ನ ಗಟ್ಟಿ ಅಭಿಪ್ರಾಯ.

ಆಗಸ್ಟ್‌ನಲ್ಲಿ ಹೋಗಿ ನೋಡಿ

ಬೆಚ್ಚಗಿನ ಊರು ನೋಡೋಕೆ ಎಲ್ಲರೂ ಕ್ರಿಸ್‌ಮಸ್ ರಜೆಯಲ್ಲಿ ಹೋಗುತ್ತಾರೆ. ಡಿಸೆಂಬರ್‌ನ ಫೀನಿಕ್ಸ್ ನೋಡಿದರೆ ಯಾರಿಗಾದರೂ ಅಲ್ಲೇ ಉಳಿಯೋಣ ಅನಿಸುತ್ತದೆ. ಅದೇ ಫೀನಿಕ್ಸ್‌ನಲ್ಲಿ 2023ರ ಬೇಸಿಗೆಯಲ್ಲಿ 31 ದಿನ ಬಿಡದೆ 110 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತ್ತು, ಅಂದರೆ 43 ಸೆಲ್ಸಿಯಸ್‌ಗೂ ಮೇಲೆ. ರಾಯಚೂರು, ಕಲಬುರಗಿ ಕಡೆಯವರಿಗೆ ಆ ಬಿಸಿಲು ಗೊತ್ತಿರುತ್ತದೆ, ಆದರೆ ಅಲ್ಲಿ ಜೂನ್‌ಗೆ ಮಳೆ ಬಂದು ತಣ್ಣಗಾಗುತ್ತದೆ. ಇಲ್ಲಿ ಸೆಪ್ಟೆಂಬರ್ ತನಕ ಬಿಡುವುದಿಲ್ಲ. ಹಿಮದ ಊರಿನಲ್ಲಿ ನಾಲ್ಕು ತಿಂಗಳು ಒಳಗೆ ಕೂತಿದ್ದವರು ಇಲ್ಲಿ ಬೇರೆ ನಾಲ್ಕು ತಿಂಗಳು ಒಳಗೆ ಕೂರುತ್ತಾರೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಕಾಲವೂ ತಿರುಗುತ್ತದೆ. ಮಿಷಿಗನ್‌ಗೆ ಮೇ ತಿಂಗಳಲ್ಲಿ ಬರುತ್ತಿದ್ದವರು ಅರಿಜೋನಾಗೆ ಅಕ್ಟೋಬರ್ ಕೊನೆಗೆ ಬರಬೇಕು. ಆಗ ಸಂಜೆ ವಾಕಿಂಗ್ ಹೋಗಲು ಅವರಿಗೆ ಯಾರ ಸಹಾಯವೂ ಬೇಡ.

ಟೆಕ್ಸಸ್‌ಗೆ ಹೋದರೆ ಚಳಿಯ ಕಾಟ ಪೂರ್ತಿ ಮುಗಿಯಿತು ಅಂದುಕೊಳ್ಳಬೇಡಿ. ಡಾಲಸ್‌ನಲ್ಲಿ ವರ್ಷಕ್ಕೆ ಒಂದೆರಡು ಇಂಚು ಹಿಮ ಅಷ್ಟೇ. ಆದರೆ 2021ರ ಫೆಬ್ರವರಿಯಲ್ಲಿ ಬಂದ ಶೀತಗಾಳಿಗೆ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟು ಹೋಯಿತು. ಸರ್ಕಾರದ ಲೆಕ್ಕದಲ್ಲೇ 246 ಜನ ಸತ್ತರು. ಅಲ್ಲಿಯ ಮನೆಗಳನ್ನು ಸೆಕೆಗೆ ಅಂತ ಕಟ್ಟಿರುತ್ತಾರೆ, ಎಷ್ಟೋ ಕಡೆ ನೀರಿನ ಪೈಪು ಅಟ್ಟದ ಮೇಲೆ ಹಾದುಹೋಗುತ್ತದೆ. ಅದು ಹೆಪ್ಪುಗಟ್ಟಿ ಒಡೆದರೆ ನೀರೆಲ್ಲ ಮನೆಯೊಳಗೆ. ಮನೆ ನೋಡುವಾಗ ಮೇನ್ ವಾಲ್ವ್ ಎಲ್ಲಿದೆ ಅಂತ ಕೇಳಿ ತಿಳಿದುಕೊಳ್ಳಿ. ಆಸ್ಟಿನ್ ಕಡೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಸೀಡರ್ ಮರದ ಪರಾಗ. ಅಲರ್ಜಿ, ಆಸ್ತಮಾ ಇರುವ ಮಕ್ಕಳಿದ್ದರೆ ಆ ಕಾಲದಲ್ಲೂ ಒಮ್ಮೆ ಹೋಗಿ ಬನ್ನಿ.

ನನ್ನನ್ನು ಕೇಳಿದರೆ ನಾರ್ತ್ ಕ್ಯಾರೊಲೈನಾದ ರಾಲಿ, ಕೇರಿ, ಮಾರಿಸ್‌ವಿಲ್ ಭಾಗ ಮಧ್ಯಮ ದಾರಿ. ಸ್ನೋ ವರ್ಷಕ್ಕೆ ಐದು ಇಂಚಿನ ಆಸುಪಾಸು. ಬೇಸಿಗೆ ಸೆಕೆ, ಆದರೆ ಸಂಜೆ ಹೊರಗೆ ಹೋಗಬಹುದು. ರಿಸರ್ಚ್ ಟ್ರಯಾಂಗಲ್ ಅಂತ ಕರೆಯುವ ಈ ಭಾಗದಲ್ಲಿ ಐಟಿ, ಔಷಧ ಕಂಪನಿಗಳ ಕೆಲಸ ಇದೆ. ಸಿಯಾಟಲ್‌ನಲ್ಲಿ ಹಿಮ ಕಡಿಮೆ, ಆದರೆ ಚಳಿಗಾಲಕ್ಕೆ ಸೂರ್ಯನೂ ಕಡಿಮೆ. ಮೋಡ ಕವಿದರೆ ಮನಸ್ಸು ಕುಗ್ಗುವವರು ಅಲ್ಲಿಗೆ ಹೋಗಬೇಡಿ.

ಕರೆಂಟು ಕೊಳ್ಳುವುದು

ಡಾಲಸ್, ಹ್ಯೂಸ್ಟನ್‌ಗೆ ಹೊಸದಾಗಿ ಹೋದವರು ಗೊಂದಲಪಡುವ ವಿಷಯ ಇದು. ಅಲ್ಲಿ ಬಹುಪಾಲು ಕಡೆ ಕರೆಂಟ್ ಕಂಪನಿಯನ್ನು ನೀವೇ ಆರಿಸಿಕೊಳ್ಳಬೇಕು. ಆಸ್ಟಿನ್, ಸ್ಯಾನ್ ಆಂಟೋನಿಯೊದಂಥ ಕೆಲವು ಕಡೆ ನಗರದ್ದೇ ಕಂಪನಿ, ಆಯ್ಕೆ ಇಲ್ಲ. ರಾಜ್ಯ ಸರ್ಕಾರದ 'ಪವರ್ ಟು ಚೂಸ್' ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ಪ್ಲಾನ್‌ಗಳ ಪಟ್ಟಿ ಬರುತ್ತದೆ. ಮೇಲೆ ಕಾಣುವ ಅಗ್ಗದ ದರ ನೋಡಿ ಮೋಸಹೋಗಬೇಡಿ. ಪ್ರತಿ ಪ್ಲಾನ್‌ಗೂ 'ಎಲೆಕ್ಟ್ರಿಸಿಟಿ ಫ್ಯಾಕ್ಟ್ಸ್ ಲೇಬಲ್' ಅನ್ನುವ ಒಂದು ಹಾಳೆ ಇರುತ್ತದೆ. ಅದರಲ್ಲಿ ತಿಂಗಳಿಗೆ 500, 1000, 2000 ಯೂನಿಟ್ ಬಳಸಿದರೆ ಎಷ್ಟು ದರ ಅಂತ ಮೂರು ಅಂಕಿ ಕೊಟ್ಟಿರುತ್ತಾರೆ. ಕೆಲವು ಪ್ಲಾನ್‌ಗಳಲ್ಲಿ 1000 ಯೂನಿಟ್‌ಗೆ ಮಾತ್ರ ಅಗ್ಗ, ಅದಕ್ಕಿಂತ ಹೆಚ್ಚುಕಡಿಮೆಯಾದರೆ ದುಬಾರಿ. ಎರಡು ಅಂತಸ್ತಿನ ಮನೆಗೆ ಆಗಸ್ಟ್‌ನಲ್ಲಿ ಎಸಿ ಓಡಿಸಿದರೆ 2000 ಸುಲಭವಾಗಿ ದಾಟುತ್ತದೆ, ಹಾಗಾಗಿ ಆ ಮೂರನೇ ಅಂಕಿ ನೋಡಿ. ಫಿಕ್ಸೆಡ್ ದರದ ಪ್ಲಾನನ್ನೇ ತಗೊಳ್ಳಿ. 2021ರಲ್ಲಿ ಸಗಟು ಮಾರುಕಟ್ಟೆ ದರಕ್ಕೆ ಕಟ್ಟಿಕೊಂಡಿದ್ದವರಿಗೆ ಕೆಲವೇ ದಿನಗಳಲ್ಲಿ ಸಾವಿರಾರು ಡಾಲರ್ ಬಿಲ್ ಬಂದಿತ್ತು. ಒಪ್ಪಂದ ಜುಲೈ, ಆಗಸ್ಟ್‌ನಲ್ಲಿ ಮುಗಿಯದ ಹಾಗೂ ನೋಡಿಕೊಳ್ಳಿ, ಆಗ ಹೊಸ ದರ ಜಾಸ್ತಿ ಇರುತ್ತದೆ.

ತೆರಿಗೆ ಇಲ್ಲ ಅನ್ನುವ ಮಾತು

ಟೆಕ್ಸಸ್, ಫ್ಲೋರಿಡಾ, ಟೆನೆಸಿ, ನೆವಾಡಾದಲ್ಲಿ ಸಂಬಳದ ಮೇಲೆ ರಾಜ್ಯದ ತೆರಿಗೆ ಇಲ್ಲ, ನಿಜ. ಅರಿಜೋನಾದಲ್ಲಿ ಎಲ್ಲರಿಗೂ 2.5%, ನಾರ್ತ್ ಕ್ಯಾರೊಲೈನಾದಲ್ಲಿ 2026ರಿಂದ 3.99%. ಆದರೆ ಟೆಕ್ಸಸ್ ಆ ದುಡ್ಡನ್ನು ಮನೆ ಮೇಲೆ ವಸೂಲು ಮಾಡುತ್ತದೆ. ಡಾಲಸ್ ಸುತ್ತಲಿನ ಉಪನಗರಗಳಲ್ಲಿ ಮನೆ ಬೆಲೆಯ ಸುಮಾರು 2% ಪ್ರಾಪರ್ಟಿ ಟ್ಯಾಕ್ಸ್ ಬೀಳುವುದು ಸಾಮಾನ್ಯ. 5 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 10,000 ಡಾಲರ್ ಅಂತಾಯಿತು. ಹೊಸ ಬಡಾವಣೆಗಳಲ್ಲಿ ನೀರು, ಚರಂಡಿ, ರಸ್ತೆಯಂಥ ಸೌಕರ್ಯದ ಖರ್ಚಿಗೆ ಮಡ್, ಪಿಡ್ ಅಂತ ಮೇಲೊಂದು ಹೊರೆ ಇರುತ್ತದೆ. ಬಿಲ್ಡರ್ ತಾನಾಗಿ ಬಾಯಿ ಬಿಡದಿದ್ದರೂ ನೀವು ಕೇಳಿ.

ಮನೆ ಕೊಂಡವರು ಹೋಮ್‌ಸ್ಟೆಡ್ ವಿನಾಯಿತಿಗೆ (ತಾವೇ ವಾಸಿಸುವ ಸ್ವಂತ ಮನೆಗೆ ಸಿಗುವ ತೆರಿಗೆ ರಿಯಾಯಿತಿ) ಅರ್ಜಿ ಹಾಕುವುದನ್ನು ಮರೆಯಬೇಡಿ. ಟೆಕ್ಸಸ್‌ನಲ್ಲಿ ಶಾಲಾ ತೆರಿಗೆಯ ಲೆಕ್ಕದಲ್ಲಿ ಮನೆ ಬೆಲೆಯಿಂದ 1,40,000 ಡಾಲರ್ ಕಳೆಯುತ್ತಾರೆ. 2025ರ ನವೆಂಬರ್‌ನಲ್ಲಿ ಮತದಾರರು ಒಪ್ಪಿದ್ದು ಇದು. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಅದೇ ಮನೆಯ ವಿಳಾಸ ಇರಬೇಕು. ಫ್ಲೋರಿಡಾದ ವಿನಾಯಿತಿಗೆ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಅಥವಾ ಪೌರತ್ವ ಬೇಕು. ಎಚ್-1ಬಿಯಲ್ಲಿ ಇರುವವರು ಅದು ಸಿಗುತ್ತೆ ಅಂತ ಬಜೆಟ್ ಹಾಕಬೇಡಿ.

ಇನ್ನೊಂದು ಗುಟ್ಟು ನ್ಯೂಯಾರ್ಕ್‌ನವರಿಗೆ. ನಿಮ್ಮ ಆಫೀಸು ನ್ಯೂಯಾರ್ಕ್‌ನಲ್ಲಿದ್ದು, ನಿಮ್ಮ ಅನುಕೂಲಕ್ಕೆ ಅಂತ ಫ್ಲೋರಿಡಾದ ಟ್ಯಾಂಪಾದಲ್ಲಿ ಕೂತು ಕೆಲಸ ಮಾಡಿದರೆ ಆ ಸಂಬಳಕ್ಕೆ ನ್ಯೂಯಾರ್ಕ್ ತೆರಿಗೆ ಕಟ್ಟಿಸಿಕೊಳ್ಳುತ್ತದೆ. ತೆರಿಗೆ ಉಳಿಸಲೆಂದೇ ಹೊರಟವರು ಇದನ್ನು ಮೊದಲೇ ತಿಳಿದಿರಬೇಕು, ಅಲ್ವಾ? ಊರು ಬದಲಿಸಿದ ವರ್ಷಕ್ಕೆ ಹಳೇ ರಾಜ್ಯದಲ್ಲೂ ರಿಟರ್ನ್ ಹಾಕಬೇಕು. ಕಂಪನಿಯ ಷೇರು ಆಮೇಲೆ ಕೈಗೆ ಬಂದರೂ, ಹಳೇ ರಾಜ್ಯದಲ್ಲಿ ದುಡಿದ ಅವಧಿಯ ಪಾಲಿಗೆ ಅಲ್ಲಿಯವರು ತೆರಿಗೆ ಕೇಳಬಹುದು.

ವಿಮೆ

ಮನೆ ವಿಮೆಯಲ್ಲಿ ಪ್ರವಾಹ ಸೇರಿರುವುದಿಲ್ಲ. ಅದಕ್ಕೆ ಬೇರೆ ಪಾಲಿಸಿ. ಸರ್ಕಾರಿ ಪ್ರವಾಹ ವಿಮೆ ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಾಯಬೇಕು, ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಓಡಿದರೆ ಪ್ರಯೋಜನವಿಲ್ಲ. ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದ ಪ್ರವಾಹ ನಕ್ಷೆಯಲ್ಲಿ ಮನೆ ವಿಳಾಸ ಹಾಕಿ ನೋಡಿ. ಫ್ಲೋರಿಡಾದಲ್ಲಿ ಚಂಡಮಾರುತಕ್ಕೆ, ಟೆಕ್ಸಸ್‌ನಲ್ಲಿ ಆಲಿಕಲ್ಲು ಮತ್ತು ಗಾಳಿಗೆ ಡಿಡಕ್ಟಿಬಲ್ ಶೇಕಡಾ ಲೆಕ್ಕದಲ್ಲಿರುತ್ತದೆ. 4 ಲಕ್ಷದ ವಿಮೆಗೆ 2% ಅಂದರೆ ಮೊದಲ 8,000 ಡಾಲರ್ ನಿಮ್ಮ ಕೈಯಿಂದ. ಮನೆಗೆ ಆಫರ್ ಹಾಕುವ ಮುಂಚೆಯೇ ವಿಮೆಯ ಕೋಟ್ ತರಿಸಿ. ಫ್ಲೋರಿಡಾದಲ್ಲಿ ಛಾವಣಿ ಹಳೆಯದಾಗಿದ್ದರೆ ವಿಮೆ ಸಿಗುವುದೇ ಕಷ್ಟ.

ಮಕ್ಕಳು, ಜನ

ಮಗ ಅಥವಾ ಮಗಳು ಹೈಸ್ಕೂಲಿನ ಕೊನೆ ವರ್ಷಗಳಲ್ಲಿ ಇದ್ದರೆ ನಿಧಾನಿಸಿ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸ್ಥಳೀಯರ ಫೀಸು ಸಿಗಬೇಕಾದರೆ ಹೆಚ್ಚಿನ ರಾಜ್ಯಗಳಲ್ಲಿ 12 ತಿಂಗಳ ವಾಸ ಬೇಕು. ಎಚ್-4ರಲ್ಲಿ (ಎಚ್-1ಬಿಯವರ ಕುಟುಂಬದ ವೀಸಾ) ಇರುವ ಮಕ್ಕಳ ನಿಯಮ ಒಂದೊಂದು ರಾಜ್ಯದಲ್ಲಿ ಒಂದೊಂದು ಥರ.

ಹೊಸ ಊರಿನಲ್ಲಿ ಒಂಟಿ ಆಗುತ್ತೇವೆ ಅನ್ನುವ ಭಯ ಮಾತ್ರ ಬೇಡ. ಡಾಲಸ್‌ನಲ್ಲಿ ಮಲ್ಲಿಗೆ, ಹ್ಯೂಸ್ಟನ್‌ನಲ್ಲಿ ಕನ್ನಡ ವೃಂದ, ಅಟ್ಲಾಂಟಾದಲ್ಲಿ ನೃಪತುಂಗ, ನಾರ್ತ್ ಕ್ಯಾರೊಲೈನಾದಲ್ಲಿ ಸಂಪಿಗೆ ಕನ್ನಡ ಸಂಘಗಳಿವೆ. ಯುಗಾದಿ ಅಥವಾ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಒಮ್ಮೆ ಹೋಗಿ. ಯಾವ ಶಾಲೆ, ಯಾವ ಬಡಾವಣೆ, ಯಾವ ಡಾಕ್ಟರು ಅಂತ ಅಲ್ಲಿನವರು ಕೂರಿಸಿಕೊಂಡು ಹೇಳುತ್ತಾರೆ.

ಹೋದ ಮೇಲೆ

ನಾಗರಿಕರಲ್ಲದವರೆಲ್ಲ, ಗ್ರೀನ್ ಕಾರ್ಡ್ ಇದ್ದವರೂ, 10 ದಿನದೊಳಗೆ ಆನ್‌ಲೈನ್‌ನಲ್ಲಿ ಎಆರ್-11 ತುಂಬಿ ವಿಳಾಸ ತಿಳಿಸಬೇಕು. ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಬೇರೆಬೇರೆ. ಡ್ರೈವಿಂಗ್ ಲೈಸೆನ್ಸ್ ಬದಲಿಸಲು ಟೆಕ್ಸಸ್‌ನಲ್ಲಿ 90 ದಿನ, ನಾರ್ತ್ ಕ್ಯಾರೊಲೈನಾದಲ್ಲಿ 60, ಫ್ಲೋರಿಡಾದಲ್ಲಿ 30, ಕ್ಯಾಲಿಫೋರ್ನಿಯಾದಲ್ಲಿ ಬರೀ 10.

ಕುಂಡದಲ್ಲಿ ಸಾಕಿದ ಕರಿಬೇವಿನ ಗಿಡವನ್ನು ಸುಮ್ನೆ ಕಾರಿನಲ್ಲಿ ಇಟ್ಟುಕೊಂಡು ಹೊರಡಬೇಡಿ. ಕಿತ್ತಳೆ, ನಿಂಬೆ ತೋಟ ಹಾಳು ಮಾಡುವ ರೋಗ ಹರಡುವ ಕೀಟ ಕರಿಬೇವಿನಲ್ಲೂ ಬದುಕುತ್ತದೆ. ಅದಕ್ಕೇ ನಿಂಬೆ ಜಾತಿಯ ಗಿಡ ಬೆಳೆಯುವ ರಾಜ್ಯಗಳಲ್ಲಿ ಅದನ್ನು ಒಳಗೆ ತರುವುದಕ್ಕೆ ಕಟ್ಟುನಿಟ್ಟಿನ ನಿಯಮಗಳಿವೆ. ಕ್ಯಾಲಿಫೋರ್ನಿಯಾ ಗಡಿಯಲ್ಲಿ ಕಾರು ನಿಲ್ಲಿಸಿ ಕೇಳುತ್ತಾರೆ. ಹೊರಡುವ ಮುಂಚೆ ಆ ರಾಜ್ಯದ ಕೃಷಿ ಇಲಾಖೆಗೆ ಫೋನ್ ಮಾಡಿ. ಆಗದು ಅಂದರೆ ಗಿಡವನ್ನು ಹಳೇ ಊರಿನ ಸ್ನೇಹಿತರಿಗೆ ಕೊಟ್ಟು, ಹೊಸ ಊರಿನ ಲೈಸೆನ್ಸ್ ಇರುವ ನರ್ಸರಿಯಲ್ಲಿ ಒಂದು ಸಸಿ ಕೊಳ್ಳಿ.