ಕರಾವಳಿಯ ಪೆಟ್ರೋಲ್ ಬಂಕ್ ತಗೊಂಡ ಅನುಭವ

ಪೆಟ್ರೋಲ್ ಬಂಕನ್ನು ಅಂಗಡಿ ಮಳಿಗೆಯ ಹಾಗೆ ಬಾಡಿಗೆಗೆ ತಗೊಳ್ಳೋಕೆ ಆಗುವುದಿಲ್ಲ. ನನ್ನನ್ನು ಕೇಳುವವರೆಲ್ಲ "ತಿಂಗಳಿಗೆ ಲೀಸ್ ಎಷ್ಟು?" ಅಂತಲೇ ಶುರು ಮಾಡುತ್ತಾರೆ, ಅದಕ್ಕೇ ಮೊದಲು ಹೇಳಿಬಿಡುತ್ತಿದ್ದೇನೆ. ಇಂಡಿಯನ್ ಆಯಿಲ್, ಬಿಪಿ, ಎಚ್‌ಪಿ ಯಾವುದೇ ಇರಲಿ, ಡೀಲರ್‌ಶಿಪ್ ಯಾರ ಹೆಸರಲ್ಲಿದೆಯೋ ಅವರೇ ನಡೆಸಬೇಕು. ಜಿಪಿಎ (ಅಧಿಕಾರ ಪತ್ರ) ಬರೆಸಿಕೊಂಡು ಬೇನಾಮಿಯಾಗಿ ನಡೆಸುವವರು ಇದ್ದಾರೆ. ಸಿಕ್ಕಿಬಿದ್ದರೆ ಡೀಲರ್‌ಶಿಪ್ಪೇ ಹೋಗುತ್ತದೆ, ನೀವು ಹಾಕಿದ ದುಡ್ಡಿಗೆ ಕೇಳುವವರೂ ಇರುವುದಿಲ್ಲ. ಹೊಸ ಬಂಕ್ ಬೇಕು ಅಂದರೆ ಕಂಪನಿಗಳು ಜಾಹೀರಾತು ಕೊಡುವವರೆಗೆ ಕಾಯಬೇಕು. 2018ರ ನವೆಂಬರ್‌ನಲ್ಲಿ ಒಮ್ಮೆ ದೇಶಪೂರ್ತಿ ಕರೆದರು, ಆಮೇಲೆ 2023ರಲ್ಲಿ. ಅರ್ಜಿ ಹಾಕಿದರೂ ಹೆಚ್ಚಿನ ಕಡೆ ಚೀಟಿ ಎತ್ತುವುದೇ. ಇರುವ ಬಂಕಿಗೆ ಕಾಲಿಡಬೇಕಾದರೆ ಕಂಪನಿಯ ಒಪ್ಪಿಗೆ ಪಡೆದು ಪಾಲುದಾರನಾಗಿ ಸೇರಬೇಕು. ರೀಕಾನ್‌ಸ್ಟಿಟ್ಯೂಷನ್ ಅಂತಾರೆ ಅದಕ್ಕೆ. ನಾನು ಹೋದದ್ದು ಆ ದಾರಿಯಲ್ಲಿ.

ನನ್ನದು ಬೆಂಗಳೂರಿನ ಜೆ.ಸಿ. ರಸ್ತೆಯ ಹತ್ತಿರ ಆಯಿಲ್, ಗ್ರೀಸ್ ಮಾರುವ ಅಂಗಡಿ. ಆ ವ್ಯವಹಾರದಲ್ಲೇ ಪರಿಚಯವಾದ ಒಬ್ಬ ಬಂಕ್ ಡೀಲರ್ ತಮ್ಮ ಮಗನ ಜೊತೆ ಇರೋಕೆ ಬೆಂಗಳೂರಿನ ವಿಜಯನಗರಕ್ಕೆ ಬಂದಿದ್ದರು. ಅವರ ಬಂಕ್ ಇರುವುದು ಕುಮಟಾ, ಹೊನ್ನಾವರ ಕಡೆ, ಹೆದ್ದಾರಿ 66ರ ಪಕ್ಕ. "ಮಗ ಬರೂದಿಲ್ಲ ಅಂತಾನೆ ಮಾರಾಯ್ರೆ, ನನ್ನ ಕೈಲಿ ಇನ್ನು ಆಗೂದಿಲ್ಲ" ಅಂದರು. ಮಾತುಕತೆ ಬಹುಪಾಲು ನಡೆದದ್ದು ಬೆಂಗಳೂರಿನ ದರ್ಶಿನಿಗಳಲ್ಲಿ, ನಿಂತುಕೊಂಡೇ, ಬೈ ಟೂ ಕಾಫಿ ಕುಡಿಯುತ್ತಾ.

ಅವರು ತಂದ ಹಾಳೆಯಲ್ಲಿ ತಿಂಗಳಿಗೆ ಸರಾಸರಿ ಒಂದು ಲಕ್ಷ ಲೀಟರ್ ಅಂತ ಇತ್ತು. ಸರಾಸರಿ ಬೇಡ, ಟ್ಯಾಂಕರ್ ಲೋಡ್ ಬಂದ ಬಿಲ್ ತಿಂಗಳುವಾರು ಕೊಡಿ ಅಂದೆ. ಕರಾವಳಿಯಲ್ಲಿ ಬಂಕ್ ನೋಡುವವರಿಗೆ ನಾನು ಹೇಳುವ ದೊಡ್ಡ ಮಾತು ಇದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಲ್ ನೋಡದೆ ಅಡ್ವಾನ್ಸ್ ಕೊಡಬೇಡಿ. ಮಳೆ ಹಿಡಿದರೆ ಮರಳು ಲಾರಿ ಇಲ್ಲ, ಚಿರೆಕಲ್ಲು ಲಾರಿ ಇಲ್ಲ, ಜೆಸಿಬಿ ಇಲ್ಲ. ಗೋಕರ್ಣ, ಮುರ್ಡೇಶ್ವರಕ್ಕೆ ಹೋಗುವ ಕಾರುಗಳೂ ಕಮ್ಮಿ. ಅವರ ಬಂಕಿನಲ್ಲಿ ಜುಲೈ ಲೆಕ್ಕ ಡಿಸೆಂಬರ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಬಂದರು ಹತ್ತಿರ ಇದೆ, ಬೋಟಿನವರು ಡೀಸೆಲ್ ಹಾಕಿಸುತ್ತಾರೆ ಅಂತ ಬೆಂಗಳೂರಿನಲ್ಲಿ ಕೂತವರು ಲೆಕ್ಕ ಹಾಕುವುದುಂಟು. ಹಾಗಾಗುವುದಿಲ್ಲ. ಯಾಂತ್ರಿಕ ಬೋಟುಗಳಿಗೆ ಸರ್ಕಾರ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡುತ್ತದೆ, ಅದು ಗೊತ್ತುಮಾಡಿದ ಬಂಕುಗಳಲ್ಲಿ ಮಾತ್ರ. ನಿಮ್ಮ ರೇಟಿಗೆ ಅವರು ಯಾಕೆ ಬರಬೇಕು? ಜೂನ್, ಜುಲೈ ಎರಡು ತಿಂಗಳು ಬೋಟು ನೀರಿಗಿಳಿಯುವಂತೆಯೇ ಇಲ್ಲ. ಆಗ ಮೀನು ಲಾರಿಗಳ ಓಡಾಟವೂ ಕಮ್ಮಿಯಾಗುತ್ತದೆ. ಬಂದರಿನಿಂದ ನಿಮಗೆ ಸಿಗುವ ಗಿರಾಕಿ ಆ ಲಾರಿಯೇ, ಬೋಟಲ್ಲ.

ಇನ್ನೊಂದು ಗೋವಾ. ಅಲ್ಲಿ ಪೆಟ್ರೋಲ್ ನಮಗಿಂತ ಅಗ್ಗ. ಆ ಕಡೆಯಿಂದ ಬರುವವರು ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ. ಆ ಕಡೆ ಹೋಗುವವರು ಗಡಿ ದಾಟಲಿ ಅಂತ ಇನ್ನೂರು ರೂಪಾಯಿಗೆ ಹಾಕಿಸಿ ಹೊರಡುತ್ತಾರೆ. ದಕ್ಷಿಣದ ತಲಪಾಡಿ ಕಡೆ ಇದು ಉಲ್ಟಾ, ಕೇರಳದ ಗಾಡಿಗಳು ಈಚೆ ಬಂದು ತುಂಬಿಸಿಕೊಳ್ಳುತ್ತವೆ. ಕಾರವಾರಕ್ಕೆ ಹತ್ತಿರವಾದಷ್ಟೂ ಬಂಕಿನ ಬೆಲೆ ಇಳಿಸಿ ಮಾತಾಡಬೇಕು. ಚತುಷ್ಪಥ ಆದ ಮೇಲೆ ಎದುರಿಗೆ ಡಿವೈಡರ್ ಬಂದಿದೆಯಾ, ಎಲ್ಲಿ ಯು ಟರ್ನ್ ಇದೆ, ಅದೂ ನೋಡಬೇಕು. ನಮ್ಮಲ್ಲಿ ಅದೃಷ್ಟಕ್ಕೆ ತಿರುವು ಹತ್ತಿರದಲ್ಲೇ ಇತ್ತು.

ಜಾಗದ ಕಾಗದಪತ್ರಕ್ಕೆ ಒಬ್ಬ ಒಳ್ಳೆ ವಕೀಲರು ಸಾಕು. ಪಹಣಿ, ಇ.ಸಿ. (ಋಣಭಾರ ಪತ್ರ), ಭೂ ಪರಿವರ್ತನೆ ಆದೇಶ, ಜಿಲ್ಲಾಧಿಕಾರಿಯ ಎನ್‌ಒಸಿ, ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೋದ ಲೈಸೆನ್ಸ್. ಹಳೇ ಬಂಕುಗಳಲ್ಲಿ ಜಾಗ ಒಬ್ಬರದು, ಟ್ಯಾಂಕ್ ಕಂಪನಿಯದು, ಡೀಲರ್ ಮತ್ತೊಬ್ಬರು. ಜಾಗದವರ ಜೊತೆ ಕಂಪನಿಯ ಲೀಸ್ ಎಂದು ಮುಗಿಯುತ್ತದೆ ಅಂತ ಕೇಳಿ. ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮದ ಬಗ್ಗೆಯೂ ಕೇಳಿ. ಬರೀ ಸಮುದ್ರದ ದಂಡೆಗಲ್ಲ, ಉಬ್ಬರದ ನೀರು ನುಗ್ಗುವ ಹೊಳೆಗಳ ದಡಕ್ಕೂ ಅದು ಅನ್ವಯಿಸುತ್ತದೆ. ಮುಂದೆ ಟ್ಯಾಂಕ್ ಹೆಚ್ಚಿಸಬೇಕು ಅಂದಾಗ ಅಡ್ಡ ಬರುವುದು ಅದೇ.

ಈಗ ನೀರು. ಮೊದಲ ಸಲ ಬಂಕಿಗೆ ಹೋದಾಗ ಬೆಳಗಿನ ಡಿಪ್, ಅಂದರೆ ಟ್ಯಾಂಕಿಗೆ ಅಳತೆ ಕೋಲು ಇಳಿಸುವುದನ್ನು ನೋಡಬೇಕು ಅಂದೆ. ಕೆಲಸದ ಹುಡುಗ ಡಿಪ್ ರಾಡಿನ ತುದಿಗೆ ಬೆರಳಲ್ಲಿ ನೀರು ಪತ್ತೆಹಚ್ಚುವ ಪೇಸ್ಟ್ ಸವರಿದ. ರಾಡನ್ನು ನಿಧಾನಕ್ಕೆ ತಳ ಮುಟ್ಟಿಸಿ ಸ್ವಲ್ಪ ಹೊತ್ತು ಹಿಡಿದು ಮೇಲೆತ್ತಿದ. ಪೇಸ್ಟಿನ ಬಣ್ಣ ತಿರುಗಿದ್ದರೆ ಅಲ್ಲಿಯವರೆಗೆ ನೀರಿದೆ ಅಂತ. ತಿರುಗಿರಲಿಲ್ಲ. ಆದರೆ ಟ್ಯಾಂಕಿನ ಬಾಯಿ ಇರುವ ಗುಂಡಿಯಲ್ಲಿ ಕೆಸರು ಕಟ್ಟಿತ್ತು, ಮುಚ್ಚಳದ ಗ್ಯಾಸ್ಕೆಟ್ ಬಿರುಕು ಬಿಟ್ಟಿತ್ತು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ನೀರು ಸೇರಿದರೆ ಎಥೆನಾಲ್ ನೀರಿನ ಜೊತೆ ಹೋಗಿ ತಳದಲ್ಲಿ ಕೂರುತ್ತದೆ, ಗಿರಾಕಿಯ ಬೈಕು ಮುಂದಿನ ತಿರುವಲ್ಲೇ ನಿಲ್ಲುತ್ತದೆ. ಸಣ್ಣ ಊರಲ್ಲಿ ಅಂಥ ಸುದ್ದಿ ಸಂಜೆಯೊಳಗೆ ಮೀನು ಮಾರ್ಕೆಟ್ ಮುಟ್ಟಿರುತ್ತದೆ. ಎಥೆನಾಲ್ ಪೆಟ್ರೋಲಿಗೆ ಪೇಸ್ಟೂ ಬೇರೆ ಬರುತ್ತದೆ, ಅದನ್ನೇ ಬಳಸಬೇಕು. ಮಳೆಗಾಲಕ್ಕೆ ಮೊದಲು ಗುಂಡಿಗಳನ್ನೆಲ್ಲ ಸರಿಮಾಡಿಸಿದೆ. ಕರಾವಳಿಯಲ್ಲಿ ಅಂತರ್ಜಲ ಮೇಲೇ ಇರುವುದರಿಂದ ಆಗ ಟ್ಯಾಂಕ್ ಖಾಲಿ ಬಿಡುವಂತೆಯೂ ಇಲ್ಲ. ಸರಿಯಾಗಿ ಬಿಗಿದಿರದ ಖಾಲಿ ಟ್ಯಾಂಕ್ ಮಣ್ಣಿನೊಳಗಿಂದ ಮೇಲೆದ್ದು ಬರುತ್ತದೆ!

ದುಡ್ಡಿನ ವಿಷಯ. 2024ರ ಅಕ್ಟೋಬರ್ ಕೊನೆಯಲ್ಲಿ ಕಮಿಷನ್ ಹೆಚ್ಚಾದ ಮೇಲೆ ಪೆಟ್ರೋಲಿಗೆ ಲೀಟರಿಗೆ ನಾಲ್ಕು ರೂಪಾಯಿಗಿಂತ ಸ್ವಲ್ಪ ಮೇಲೆ, ಡೀಸೆಲಿಗೆ ಮೂರು ರೂಪಾಯಿ ಆಸುಪಾಸು ಸಿಗುತ್ತದೆ. ಒಂದು ಲಕ್ಷ ಲೀಟರಿನಲ್ಲಿ 35,000 ಪೆಟ್ರೋಲ್, ಮಿಕ್ಕಿದ್ದು ಡೀಸೆಲ್ ಅಂದರೆ ಹತ್ತಿರ ಹತ್ತಿರ ಮೂರೂವರೆ ಲಕ್ಷ. ಸಂಬಳ, ಕರೆಂಟು, ಜನರೇಟರ್, ಆವಿಯಾಗಿ ಹೋಗುವುದು, ಬ್ಯಾಂಕಿನ ಬಡ್ಡಿ ಎಲ್ಲ ಅದರಲ್ಲೇ. 12,000 ಲೀಟರಿನ ಒಂದು ಲೋಡಿಗೆ ಸುಮಾರು ಹನ್ನೊಂದು ಲಕ್ಷ ಮುಂಗಡ ಕಟ್ಟಬೇಕು. ರೇಟ್ ಇಳಿದರೆ ಟ್ಯಾಂಕಿನಲ್ಲಿರುವ ಮಾಲಿನ ನಷ್ಟ ನಿಮ್ಮದೇ. 2021ರ ದೀಪಾವಳಿ ಹೊತ್ತಿಗೆ ಕೇಂದ್ರ ಡೀಸೆಲ್ ಮೇಲೆ ಹತ್ತು ರೂಪಾಯಿ ಸುಂಕ ಇಳಿಸಿತಲ್ಲ, ರಾಜ್ಯವೂ ಏಳು ರೂಪಾಯಿ ಇಳಿಸಿತು. ಹಬ್ಬದ ವ್ಯಾಪಾರಕ್ಕೆ ಅಂತ ಟ್ಯಾಂಕ್ ತುಂಬಿಸಿಟ್ಟವರ ಗತಿ ಏನಾಗಿರಬೇಡ!

ಹೀಗೆ ಮಳೆಗಾಲದ ಲೆಕ್ಕ ಮುಂದಿಟ್ಟ ಮೇಲೆ ಅವರು ಕೇಳಿದ ಬೆಲೆ ಸುಮಾರಾಗಿಯೇ ಇಳಿಯಿತು. ಕಂಪನಿಯ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ದೊಡ್ಡ ಮೊತ್ತ ಅಂತ ಬರೆದುಕೊಂಡೆವು. ಕೊನೆಗೆ ಎಳೆದಾಡಿದ್ದು ಉದ್ರಿ ಪುಸ್ತಕದ ಮೇಲೆ. ಬಸ್ಸಿನವರು, ಕಂಟ್ರಾಕ್ಟರುಗಳು, ಚಿರೆಕಲ್ಲು ಕ್ವಾರಿಯವರು ಬಾಕಿ ಇಟ್ಟದ್ದು ಒಂದು ಲೋಡಿನ ದುಡ್ಡಿಗಿಂತ ಜಾಸ್ತಿ. ಅದನ್ನೂ ಆಸ್ತಿ ಅಂತ ಬೆಲೆಗೆ ಸೇರಿಸಿದ್ದರು. ನಾನು ಒಪ್ಪಲಿಲ್ಲ. ಕೈ ಬದಲಾಗುವ ದಿನದವರೆಗಿನ ಉದ್ರಿ ಅವರದು, ವಸೂಲಿಯೂ ಅವರದೇ. ಮರುದಿನದಿಂದ ಉದ್ರಿ ಕೊಡುವುದು ಬಿಡುವುದು ನನಗೆ ಬಿಟ್ಟದ್ದು. ಕ್ವಾರಿಯವರಿಗೆ ನಿಲ್ಲಿಸಿದೆ. ಬಸ್ಸಿನವರಿಗೆ ವಾರದ ಲೆಕ್ಕಕ್ಕೆ ಈಗಲೂ ಕೊಡುತ್ತೇನೆ, ಮಳೆಗಾಲದಲ್ಲೂ ಓಡುವವರು ಅವರೇ.